ಮಾನಪತ್ರದ ಎರಡನೆಯ ಸಾಲು

ಅಳ್ನಾವರ
ಜುಲೈ 12, 1974

ಪೂಜ್ಯ ಅಮೀರಬಿ ಅಕ್ಕೋರಿಗೆ ನಿಮ್ಮ ಶಿವಗಂಗಾ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ಮನೆಯವರಿಗೆ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ ಪಾಳಿಯ ಕೆಲಸ, ಹೀಗಾಗಿ ಅವರು ಮನೆಯಲ್ಲಿರುವುದೇ ಕಡಿಮೆ. ನಿಮ್ಮ ಮೊಣಕಾಲು ನೋವು ಹೇಗಿದೆ? ನಾನು ಹೇಳಿದ ಎಣ್ಣೆ ಹಚ್ಚಿಕೊಳ್ಳುತ್ತಿಲ್ಲ ಎಂದು ಗೊತ್ತು.

ಈಗ ಸುದ್ದಿ. ಹೋದ ರವಿವಾರ ಕಲಘಟಗಿಯಲ್ಲಿ ನಮ್ಮ ಶಾಲೆಯ ಹಳೆಯ ವಿಧ್ಯಾರ್ಥಿಗಳ ಸಭೆ ಇತ್ತು. ತಂಬೂರಿನ ಸಂತ ಮಾರ್ಥಾ ಶಾಲೆಗೆ ಈ ವರ್ಷ ಇಪ್ಪತ್ತೈದು ತುಂಬುತ್ತದಲ್ಲ, ಅದನ್ನು ಹೇಗೆ ಆಚರಿಸುವುದು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಬ್ಬರಿಗೆ ಗೋಡೆಗೆ ಸುಣ್ಣ ಹೊಡೆಸಬೇಕು, ಇನ್ನೊಬ್ಬರಿಗೆ ಹೊಸ ಗಂಟೆ ತರಬೇಕು. ಆಗ ಮಡಿವಾಳೆಪ್ಪನವರು ಎದ್ದು ನಿಂತರು. "ಸುಣ್ಣಾ ಬಡದು ಗಂಟಿ ಕಟ್ಟಿದರ ಸಾಲಿ ಆತೇನ್ರಿ? ಆ ಗ್ವಾಡಿ ಒಳಗ ಇಪ್ಪತ್ತೈದು ವರ್ಷ ನಿಂತು ನಮಗೆಲ್ಲಾ ಅಕ್ಷರಾ ತಿದ್ದಿಸಿದಾಕಿ ಒಬ್ಬಾಕಿ ಅದಾಳ. ಮೊದಲ ಆಕಿಗೆ ಶಾಲು ಹೊಚ್ಚೂಣು" ಎಂದರು. ಅಕ್ಕೋರೇ, ಚಪ್ಪಾಳೆ ನಿಲ್ಲಲೇ ಇಲ್ಲ. ಹೊಸ ಫಾದರ್ ಕೂಡ ಬಂದಿದ್ದರು, ಬಹಳ ಆಸ್ಥೆಯಿಂದ ಕೇಳಿಸಿಕೊಂಡರು.

ಅಕ್ಟೋಬರ್ ಆರಕ್ಕೆ ಸನ್ಮಾನ. ಸಭೆಯಲ್ಲಿ ಓದಿ, ಗಾಜಿನ ಚೌಕಟ್ಟು ಹಾಕಿಸಿ ನಿಮ್ಮ ಕೈಗೆ ಕೊಡುವ ಮಾನಪತ್ರವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಮ್ಮ ವಿಧ್ಯಾರ್ಥಿನಿಗೆ ಇದಕ್ಕಿಂತ ದೊಡ್ಡದು ಏನಿದೆ? ನಿಮ್ಮ ಹುಟ್ಟಿದೂರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖು, ಶಾಲೆಗೆ ಬಂದ ಬಗೆ, ಎಲ್ಲವನ್ನೂ ಬಿಡದೆ ಬರೆದು ಕಳಿಸಿರಿ.

ನಿಮ್ಮ
ಗಂಗಾ


ತಂಬೂರ
ಜುಲೈ 20, 1974

ಗಂಗಾ,

ಮೊದಲು ಬೈಗುಳ, ಆಮೇಲೆ ಉತ್ತರ. ವಿದ್ಯಾರ್ಥಿಯ ದಕಾರದ ಹೊಟ್ಟೆ ಸೀಳಬೇಡ ಎಂದು ನಿನಗೆ ಮೂರನೆಯ ಇಯತ್ತೆಯಿಂದ ಹೇಳುತ್ತ ಬಂದಿದ್ದೇನೆ. ಒಂದೇ ಕಾಗದದಲ್ಲಿ ಎರಡು ಸಲ ಸೀಳಿದ್ದೀ. ಮಾನಪತ್ರದಲ್ಲೂ ಹೀಗೇ ಬರೆದರೆ ಸಭೆಯಲ್ಲೇ ಎದ್ದು ತಿದ್ದುತ್ತೇನೆ, ಮಾನ ಹೋದರೆ ನನ್ನನ್ನು ಕೇಳಬೇಡ.

ಶಾಲು ಗೀಲು ಬೇಡ ಎಂದು ಮಡಿವಾಳೆಪ್ಪನಿಗೆ ಹೇಳಿ ಕಳಿಸಿದ್ದೆ. ಅವನು ಮನೆಗೇ ಬಂದು, "ಅಕ್ಕೋರ, ನಿಮ್ಮ ಕಡೆ ಛಡಿ ಏಟು ತಿನ್ನೂ ಮುಂದ ನಾವು ಬ್ಯಾಡ ಅಂದಿದ್ವೇನ್ರಿ? ಈಗ ನೀವು ಸುಮ್ನ ಕುಂದರ್ರಿ" ಎಂದು ಹೇಳಿ ಹೋದ. ಅವನ ಎದುರು ಮುಖ ಗಂಟು ಹಾಕಿಕೊಂಡಿದ್ದೆ. ನಿನಗೆ ಖರೆ ಹೇಳುತ್ತೇನೆ, ಖುಷಿಯಾಯಿತು. ಬಹಳ ಖುಷಿಯಾಯಿತು. ನೀನು ಬರೆಯುತ್ತೀ ಎಂದು ತಿಳಿದ ಮೇಲೆ ಇನ್ನೂ ಹೆಚ್ಚು.

ನೀನು ಕೇಳಿದ್ದು: ಊರು ನವಲಗುಂದ. ತಂದೆ ಹಸನಸಾಬ, ಹತ್ತಿ ಹಿಂಜುವ ಕೆಲಸ. ತಾಯಿ ಖಾಸಿಂಬಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡರು, ಅದನ್ನು ಬರೆಯಬೇಡ. ಹುಟ್ಟಿದ ತಾರೀಖು ಶಾಲೆಯ ದಾಖಲೆಯಲ್ಲಿ ಜೂನ್ 1, 1922. ಅದನ್ನೇ ಹಾಕು.

ನನ್ನ ಹಳೆಯ ಕಥೆಗಿಂತ ಈಗಿನದನ್ನು ಬರೆ. ಈ ಜೂನಿನಲ್ಲಿ ಐದು ಹುಡುಗಿಯರು ಐದನೆಯ ಇಯತ್ತೆಗೆ ಕೂತಿದ್ದಾರೆ. ನಾಲ್ಕು ಮುಗಿದರೆ ಸಾಕು, ಹೊಲಕ್ಕೆ ಬುತ್ತಿ ಹೊರಲಿ ಎನ್ನುವ ಊರು ಇದು, ನಿನಗೆ ಗೊತ್ತು. ನಿನ್ನ ನಂತರ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಯರನ್ನು ಒಂದು ಕೈಯಲ್ಲಿ ಎಣಿಸಬಹುದು. ಈ ಐವರ ಮನೆಗೆ ಎರಡು ತಿಂಗಳು ತಿರುಗಿದ್ದೇನೆ. ಕೊನೆಗೆ ರಜಿಯಾಬೇಗಂಳ ಅಪ್ಪ ಬಾಬಾಸಾಬ, "ಅಕ್ಕೋರ, ಫಾದರ್‌ಗೆ ಅಲ್ಲ, ಸಿಸ್ಟರ್‌ಗೆ ಅಲ್ಲ, ನಿಮ್ಮ ಉಡ್ಯಾಗ ಹಾಕೇನ್ರಿ ನನ್ನ ಮಗಳನ್ನ. ನೀವು ಇರೂತನಾ ಬರತಾಳ" ಎಂದ. ಉಳಿದ ನಾಲ್ವರ ಮನೆಯವರೂ ಅವನ ಮಾತಿಗೇ ಒಪ್ಪಿದರು.

ಐವತ್ತೈದಕ್ಕೆ ನಿವೃತ್ತಿ, ನನ್ನ ನೌಕರಿಗೆ ಇನ್ನು ಮೂರು ವರ್ಷ ಇದೆ. ಅವರ ಮುಲ್ಕಿಗೂ ಸರಿಯಾಗಿ ಮೂರು ವರ್ಷ. ಆ ಐವರನ್ನು ದಾಟಿಸಿ ಚಾವಿ ಗೊಂಚಲು ಕೊಟ್ಟು ಹೋಗುತ್ತೇನೆ. ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಬೇಕಿಲ್ಲ.

ಅಮೀರಬಿ


ಅಳ್ನಾವರ
ಆಗಸ್ಟ್ 1, 1974

ಪೂಜ್ಯ ಅಕ್ಕೋರಿಗೆ,

ವಿದ್ಯಾರ್ಥಿ, ವಿದ್ಯಾರ್ಥಿ, ವಿದ್ಯಾರ್ಥಿ. ಮೂರು ಸಲ ಬರೆದಿದ್ದೇನೆ, ಇನ್ನಾದರೂ ಸಿಟ್ಟು ಇಳಿಯಲಿ.

ನಿಮ್ಮ ಕಾಗದವನ್ನು ಮನೆಯವರಿಗೂ ಓದಿ ಹೇಳಿದೆ, ಅವರು ನಕ್ಕು ನಕ್ಕು ಸಾಕಾದರು. ಆದರೆ ನನ್ನ ಪ್ರಶ್ನೆಗೆ ನೀವು ದಾಖಲೆಯ ಉತ್ತರ ಕೊಟ್ಟು ಜಾರಿಕೊಂಡಿದ್ದೀರಿ. ಜೂನ್ ಒಂದು! ನಮ್ಮ ಶಾಲೆಯಲ್ಲಿ ಜೂನ್ ಒಂದನ್ನು ಬಿಟ್ಟು ಬೇರೆ ದಿನ ಹುಟ್ಟಿದವರು ಯಾರಿದ್ದಾರೆ? ಶಾಲೆ ಶುರುವಾಗುವ ದಿನವೇ ಊರಿನ ಮಕ್ಕಳೆಲ್ಲ ಹುಟ್ಟಿಬಿಡುತ್ತಾರೆ. ನನ್ನದನ್ನೂ ನೀವು ಹಾಗೆಯೇ ಬರೆದದ್ದು.

ನೀವು ಖರೆಯಾಗಿ ಹುಟ್ಟಿದ್ದು ಯಾವಾಗ? ಯಾವ ವರ್ಷ, ಯಾವ ಹಬ್ಬದ ಆಸುಪಾಸು? ನಮ್ಮ ಅವ್ವ ಹೋಗಿ ಹತ್ತು ವರ್ಷವಾಯಿತು. ಅವಳು ಹುಟ್ಟಿದ ದಿನ ಅವಳಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಈಗ ಅವ್ವ ಎನ್ನಲು ನನಗೆ ನೀವೇ ಇದ್ದೀರಿ. ಅವ್ವ ಹುಟ್ಟಿದ ದಿನ ಮಗಳಿಗೆ ಗೊತ್ತಿರಬೇಡವೇ? ಆ ದಿನ ನಾನೇ ಒಂದು ಸೀರೆ ಹಿಡಿದು ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ. ಬೇರೆ ಯಾರಿಗೂ ಹೇಳುವುದಿಲ್ಲ.

ಇಲ್ಲಿಯ ಶಾಲೆಯಲ್ಲಿ ನನ್ನ ಕೆಲಸ ಎಂದಿನಂತೆ ನಡೆದಿದೆ. ಚಿಂತೆ ಮಾಡಬೇಡಿ.

ನಿಮ್ಮ ಮಗಳು
ಗಂಗಾ


ತಂಬೂರ
ಆಗಸ್ಟ್ 9, 1974

ಮಗಳೇ,

ಅವ್ವ ಎಂದು ಬರೆದು, ಇಲ್ಲ ಎನ್ನದ ಹಾಗೆ ನನ್ನ ಬಾಯಿ ಕಟ್ಟಿದೆ. ಹೇಳುತ್ತೇನೆ, ಕೇಳು.

ದೊಡ್ಡ ಜ್ವರ ಬಂದ ವರ್ಷ ನಾನು ಹುಟ್ಟಿದೆ. ಮೊದಲನೆಯ ಯುದ್ಧ ಮುಗಿಯುತ್ತ ಬಂದಿತ್ತು, 1918. ಮೊಹರಮ್ಮಿನ ಡೋಲಿ ಹೊಳೆಗೆ ಹೋದ ಮರುದಿನ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಇಪ್ಪತ್ತು ದಿನಕ್ಕೆ ಅವ್ವ ಅದೇ ಜ್ವರದಲ್ಲಿ ಹೋದಳು. ನವಲಗುಂದದಲ್ಲಿ ಆಗ ಮಣ್ಣು ಮಾಡಲೂ ಜನ ಸಿಗುತ್ತಿರಲಿಲ್ಲವಂತೆ. ಹೀಗಾಗಿ ನಾನು ಹುಟ್ಟಿದ ದಿನದ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮತ್ತೆ 1922 ಎಲ್ಲಿಂದ ಬಂತು ಎನ್ನುತ್ತೀ. ಅದು ನಗುವ ಕಥೆ. 1949ರಲ್ಲಿ ಹಳೆಯ ಫಾದರ್ ಇಲ್ಲಿ ಶಾಲೆ ತೆಗೆದಾಗ ಅಕ್ಷರ ಬಲ್ಲ ಹೆಣ್ಣುಮಗಳು ಬೇಕಾಗಿತ್ತು. ಅಣ್ಣ ರಹಿಮಾನಸಾಬ ನನ್ನನ್ನು ಕರೆದುಕೊಂಡು ಬಂದ. ಫಾದರ್ ಮಂಗಳೂರು ಕಡೆಯವರು. ಅಲ್ಲಿ ವಯಸ್ಸಿಗೆ ಪ್ರಾಯ ಎನ್ನುತ್ತಾರಂತೆ, ನಮಗೇನು ಗೊತ್ತು? ರಿಜಿಸ್ಟರ್ ತೆರೆದು, ಪೆನ್ನು ಹಿಡಿದು, ನನ್ನ ಮುಖ ನೋಡಿ, "ನಿಮಗೆ ಪ್ರಾಯ ಎಷ್ಟಾಯಿತು?" ಎಂದು ಕೇಳಿದರು. ನಮ್ಮ ಕಡೆ ಪ್ರಾಯ ಎಂದರೆ ಹರೆಯ ಅಲ್ಲವೇ. ಅಣ್ಣ ಕುರ್ಚಿಯಿಂದ ದಡಕ್ಕನೆ ಎದ್ದ. "ಏನ್ರೀ ಫಾದರ್, ಗಂಡನ್ನ ಕಳಕೊಂಡ ಹೆಣಮಗಳ ಪ್ರಾಯದ ಸುದ್ದಿ ನಿಮಗ್ಯಾಕ ಬೇಕ್ರಿ? ಆಕಿ ಅಕ್ಷರಾ ಕಲಸಾಕ ಬಂದಾಳ. ನಡಿಯವಾ, ಮನಿಗೆ ಹೋಗೂಣು" ಎಂದು ನನ್ನ ರಟ್ಟೆ ಹಿಡಿದ. ಪಾಪ, ಫಾದರ್ ಮುಖ ಕೆಂಪಗಾಯಿತು. "ಅಯ್ಯೋ ಮಾರಾಯರೇ, ಹಾಗಲ್ಲ, ಪ್ರಾಯ ಅಂದರೆ..." ಎನ್ನುತ್ತಾರೆ, ವಯಸ್ಸು ಎನ್ನುವ ಶಬ್ದ ಬಾಯಿಗೆ ಬರುತ್ತಿಲ್ಲ, ಬೆರಳು ಎಣಿಸಿ ತೋರಿಸುತ್ತಾರೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಕೊನೆಗೆ ಏನನ್ನೂ ಕೇಳುವ ಧೈರ್ಯ ಸಾಲದೆ ತಾವೇ ಒಂದು ಅಂದಾಜು ಬರೆದುಕೊಂಡರು. ನನ್ನ ಮುಖ ನಾಲ್ಕು ವರ್ಷ ಸಣ್ಣದಾಗಿ ಕಂಡಿತ್ತು, ಅಷ್ಟೇ.

ಅದನ್ನು ನಾನು ನೋಡಿದ್ದು ವರ್ಷದ ನಂತರ. ಹೋಗಿ ಹೇಳಿದೆ. "ಇರಲಿ ಬಿಡಿ, ದೇವರ ಹತ್ತಿರ ಬೇರೆ ರಿಜಿಸ್ಟರ್ ಉಂಟು" ಎಂದು ನಕ್ಕುಬಿಟ್ಟರು. ಅವರು ತೀರಿಕೊಂಡ ಮೇಲೆ ಇದು ಗೊತ್ತಿದ್ದವಳು ನಾನೊಬ್ಬಳೇ. ಈಗ ನೀನು. ದಾಖಲೆ ಸರಿಯಾಗಿದ್ದರೆ ನಾನು ಹೋದ ವರ್ಷವೇ ಮನೆಯಲ್ಲಿ ಕೂತಿರಬೇಕಿತ್ತು. ಕೆಲವೊಮ್ಮೆ ಮನಸ್ಸು ಚುಚ್ಚುತ್ತದೆ. ಆಮೇಲೆ ಆ ಐದು ಹುಡುಗಿಯರ ಮುಖ ನೋಡಿ ಸುಮ್ಮನಾಗುತ್ತೇನೆ.

ಇದು ಮಗಳಿಗೆ ಹೇಳಿದ್ದು, ಮಾನಪತ್ರಕ್ಕಲ್ಲ. ಓದಿ ಒಲೆಗೆ ಹಾಕು.

ಅಮೀರಬಿ


ಅಳ್ನಾವರ
ಸೆಪ್ಟೆಂಬರ್ 4, 1974

ಪೂಜ್ಯ ಅಕ್ಕೋರಿಗೆ ನಮಸ್ಕಾರ.

ಉತ್ತರ ಬರೆಯಲು ತಡವಾಯಿತು. ಮನೆಯಲ್ಲಿ ಬಂದು ಹೋಗುವವರು ಹೆಚ್ಚು. ಮಾನಪತ್ರ ಬರೆದು ಮುಗಿಸಿದ್ದೇನೆ, ಹುಬ್ಬಳ್ಳಿಯ ಪ್ರೆಸ್ಸಿಗೆ ಹೋಗಿದೆ. ಮೊದಲೇ ನಿಮಗೆ ತೋರಿಸಬಾರದು ಎಂದು ಹಳೆಯ ವಿದ್ಯಾರ್ಥಿ ಮಂಡಳದವರು ಹೇಳಿದ್ದಾರೆ, ಹೀಗಾಗಿ ಕಳಿಸುತ್ತಿಲ್ಲ.

ನಿಮ್ಮ ಕಾಗದವನ್ನು ಅಂದೇ ಒಲೆಗೆ ಹಾಕಿದೆ.

ಗಂಗಾ


ತಂಬೂರ
ಸೆಪ್ಟೆಂಬರ್ 15, 1974

ಗಂಗಾ,

ನಿನ್ನ ಕಾಗದ ಇಷ್ಟು ಸಣ್ಣದಾಗಿದ್ದು ಇದೇ ಮೊದಲು. ಮೈಯಲ್ಲಿ ಆರಾಮ ಇಲ್ಲವೇ? ಏನಾದರೂ ಸಿಹಿ ಸುದ್ದಿಯೇ? ಇದ್ದರೆ ಮುಚ್ಚಿಡಬೇಡ.

ಇನ್ನೊಂದು ಮಾತು. ಬಾಬಾಸಾಬ ಹೇಳಿದ, ಗುರುವಾರ ನೀನು ಕಲಘಟಗಿ ಬಸ್ಸಿನಿಂದ ಇಳಿದು ನೇರವಾಗಿ ಫಾದರ್ ಬಂಗಲೆಗೆ ಹೋದೆಯಂತೆ, ಸಂಜೆಯ ಬಸ್ಸಿಗೆ ವಾಪಸ್ ಹೋದೆಯಂತೆ. "ನಿಮ್ಮ ಮನಿಗೆ ಬರಲಿಲ್ಲೇನ್ರಿ ಆಕಿ?" ಎಂದು ಕೇಳಿದ. ಮೊದಲು ನನಗೆ ಕೆಡುಕೆನಿಸಿತು. ನನ್ನ ಮನೆ ದಾಟಿಯೇ ಬಸ್ ಸ್ಟ್ಯಾಂಡಿಗೆ ಹೋಗಬೇಕು, ಬಾಗಿಲು ತೆರೆದೇ ಇತ್ತು. ಆಮೇಲೆ ತಿಳಿಯಿತು, ಸನ್ಮಾನದ ಗುಟ್ಟು ಬಾಯಿಂದ ಜಾರೀತು ಎಂದು ಹೆದರಿ ನೀನು ಬರಲಿಲ್ಲ. ನೀನು ಸಣ್ಣವಳಿದ್ದಾಗಲೂ ಹಾಗೆಯೇ, ಏನಾದರೂ ಮುಚ್ಚಿಟ್ಟರೆ ನನ್ನ ಎದುರು ನಿಲ್ಲುತ್ತಿರಲಿಲ್ಲ.

ಹೊಸ ಫಾದರಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಎದುರು ಮಾತಾಡುತ್ತೇನೆ ಎಂದು ಅವರಿಗೆ, ಅವರು ಶಾಲೆಯನ್ನು ಕಾಗದದ ಮೇಲೆ ನಡೆಸುತ್ತಾರೆ ಎಂದು ನನಗೆ. ಆದರೂ ನಿನ್ನೆ ನಾನೇ ಬಂಗಲೆಗೆ ಹೋಗಿ ನಿನ್ನ ವಿಷಯವಾಗಿ ಒಂದು ಮಾತು ಹೇಳಿ ಬಂದೆ. ಅವರು ಕೇಳಿ ನಕ್ಕರು. ಏನು ಹೇಳಿದೆ ಎಂದು ಈಗ ಕೇಳಬೇಡ. ಗುಟ್ಟು ಇಡುವುದು ನಿನಗೊಬ್ಬಳಿಗೇ ಬರುತ್ತದೆಯೇ?

ಹುಡುಗಿಯರು ಸ್ವಾಗತ ಪದ್ಯ ಕಲಿಯುತ್ತಿದ್ದಾರೆ. ನಾನು ಹತ್ತಿರ ಹೋದರೆ ಬಾಯಿ ಮುಚ್ಚಿ ಕಿಸಕ್ಕನೆ ನಗುತ್ತಾರೆ.

ಅಮೀರಬಿ


ತಂಬೂರ
ಅಕ್ಟೋಬರ್ 9, 1974

ಶಿವಗಂಗಾ,

ಮೂರು ದಿನ ನಿನ್ನ ದಾರಿ ನೋಡಿದೆ. ಸಭೆ ಮುಗಿದ ಕೂಡಲೇ ಗಂಡನ ಜೊತೆ ಐದರ ಬಸ್ಸು ಹತ್ತಿದೆಯಂತೆ. ಸಭೆಯಲ್ಲಿ ನೀನು ಮುಂದಿನ ಬೆಂಚಿನಲ್ಲೇ ಕೂತಿದ್ದೆ, ಆದರೆ ಇಡೀ ಹೊತ್ತು ನೆಲ ನೋಡುತ್ತಿದ್ದೆ. ಅದಕ್ಕೆ ಅಲ್ಲಿ ಏನಾಯಿತು ಎಂದು ನಾನೇ ಹೇಳುತ್ತೇನೆ.

ಮಡಿವಾಳೆಪ್ಪ ಗಂಟಲು ಸರಿ ಮಾಡಿಕೊಂಡು ಮಾನಪತ್ರ ಓದಿದ. ಮೊದಲನೆಯ ಸಾಲಿನಲ್ಲಿ ನಾನು ಗುರುಮಾತೆ, ಜ್ಞಾನದ ಜ್ಯೋತಿ, ಇನ್ನೂ ಏನೇನೋ. ಒಳಗೊಳಗೇ ನಗು ಬಂತು. ಎರಡನೆಯ ಸಾಲು: "1918ರ ಅಕ್ಟೋಬರ್ ತಿಂಗಳಿನಲ್ಲಿ ನವಲಗುಂದದಲ್ಲಿ ಜನಿಸಿ, ಐವತ್ತಾರರ ಹೊಸ್ತಿಲಲ್ಲಿ ನಿಂತಿರುವ ತಾವು ಈಗ ನೆಮ್ಮದಿಯ ವಿಶ್ರಾಂತಿಗೆ ಅರ್ಹರಾಗಿದ್ದೀರಿ." ಜನ ಚಪ್ಪಾಳೆ ತಟ್ಟಿದರು. ಓದಿದವನಿಗೂ ಏನು ಓದಿದೆ ಎಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಪಕ್ಕದ ಕುರ್ಚಿಯಲ್ಲಿದ್ದ ಶಿಕ್ಷಣ ಇಲಾಖೆಯ ಸಾಹೇಬರು ಕಿಸೆಯಿಂದ ಪೆನ್ನು ತೆಗೆದು ಏನೋ ಬರೆದುಕೊಂಡರು.

ಆ ಮೇಲೆ ಶಾಲು, ಹಣ್ಣು, ಹಾರ. ನಾನು ಕಲ್ಲಿನ ಹಾಗೆ ಕೂತಿದ್ದೆ. ಹಾರ ಹಾಕಲು ಬಂದ ರಜಿಯಾಬೇಗಂ ಕಿವಿಯಲ್ಲಿ, "ಅಕ್ಕೋರ, ಅಳಾಕತ್ತೀರೇನ್ರಿ?" ಎಂದಳು. "ಖುಷಿಗೆ ಬೇ" ಎಂದೆ. ಹತ್ತು ವರ್ಷದ ಮಗುವಿಗೆ ಸುಳ್ಳು ಹೇಳಿದೆ.

ಸೋಮವಾರ ಫಾದರ್ ಕರೆಸಿದರು. ಕೂಗಾಡಲಿಲ್ಲ, ಬಹಳ ಮೃದುವಾಗಿ ಮಾತಾಡಿದರು. ನಾನು ಹೋದ ವರ್ಷವೇ ನಿವೃತ್ತಳಾಗಬೇಕಿತ್ತು, ವಿಷಯ ದೊಡ್ಡದು ಮಾಡುವ ಇಚ್ಛೆ ಅವರಿಗಿಲ್ಲ, ಊರೆಲ್ಲ ಸೇರಿ ಗೌರವ ಮಾಡಿದ ಮೇಲೆ ಗೌರವದಿಂದಲೇ ಹೋಗಬಹುದು. ಈ ತಿಂಗಳ ಕೊನೆಯ ದಿನಕ್ಕೆ ರಾಜೀನಾಮೆ. ಅಂದರೆ ಶಾಲು ಹೊದಿಸಿದ್ದು ನನ್ನನ್ನು ಹೊರಗೆ ಕಳಿಸಲು.

"ದಾಖಲೆಯಲ್ಲಿ ಹಾಗಿಲ್ಲವಲ್ಲ ಫಾದರ್, ಮಾನಪತ್ರದ ಮಾತು ಯಾವ ಲೆಕ್ಕ?" ಎಂದೆ. ಅವರು ಡ್ರಾವರ್ ಎಳೆದು ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ನನ್ನ ಅಕ್ಷರ. ಆಗಸ್ಟ್ ಒಂಬತ್ತು. ಮಗಳೇ, ಎಂದು ಶುರುವಾಗುವ ಕಾಗದ.

ನೀನು ಒಲೆಗೆ ಹಾಕಿದ ಕಾಗದ.

1918ರ ಕೆಳಗೆ ಒಂದು ಕೆಂಪು ಗೆರೆ, ಪ್ರಾಯದ ಕಥೆಯ ಬದಿಗೆ ಇನ್ನೊಂದು. ಫಾದರ್ ಎಳೆದದ್ದಲ್ಲ ಅದು. ಅಡಿಪಟ್ಟಿ ಇಡದೆ ಎಳೆದರೂ ಸೊಟ್ಟಾಗದ ಆ ಗೆರೆಯನ್ನು ನಾನು ಬಲ್ಲೆ. ನಾಲ್ಕನೆಯ ಇಯತ್ತೆಯಲ್ಲಿ ನಿನ್ನ ಕೈ ಹಿಡಿದು ಕಲಿಸಿದವಳು ನಾನು.

ಬಂಗಲೆಯಿಂದ ಹೊರಗೆ ಬರುವಾಗ ಫಾದರ್, ನನ್ನ ಜಾಗಕ್ಕೆ ನೀನು ಅರ್ಜಿ ಹಾಕಿ ಎರಡು ತಿಂಗಳಾಯಿತು ಎಂದರು. ಹೋದ ತಿಂಗಳು ನಾನು ಅವರಲ್ಲಿ ಹೇಳಿ ಬಂದ ಮಾತು ಏನು ಗೊತ್ತೇ? ನಾನು ನಿವೃತ್ತಳಾದ ಮೇಲೆ ಈ ಕುರ್ಚಿಯನ್ನು ಶಿವಗಂಗಳಿಗೆ ಕೊಡಿ, ಬೇರೆ ಯಾರಿಗೂ ಬೇಡ ಎಂದು ಕೈ ಮುಗಿದು ಕೇಳಿದ್ದೆ. ಅವರು ಯಾಕೆ ನಕ್ಕರು ಎಂದು ಈಗ ಗೊತ್ತಾಯಿತು.

ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚು ನಾಚಿಕೆ. ನಮ್ಮ ಅವ್ವ ಸತ್ತ ಕಥೆಯನ್ನು ನಿನಗೆ ಹೇಳಿದೆನಲ್ಲ, ಅದನ್ನು ಆ ಸಾಹೇಬರೂ ಓದಿರಬೇಕು. ನಾಳೆ ಐದು ಮನೆಗಳಿಗೆ ಹೋಗಿ ನಾನು ಏನು ಹೇಳಲಿ? ನೀವು ಇರೂತನಾ ಎಂದವನಿಗೆ ಇನ್ನು ಮೂರು ವಾರ ಇರುತ್ತೇನೆ ಎನ್ನಲೇ?

ಯಾಕೆ ಮಾಡಿದೆ? ಅಷ್ಟನ್ನು ಬರೆ.

ಅಮೀರಬಿ


ಅಳ್ನಾವರ
ಅಕ್ಟೋಬರ್ 24, 1974

ಪೂಜ್ಯ ಅಕ್ಕೋರ ಪಾದಗಳಿಗೆ ಶಿವಗಂಗಳ ನಮಸ್ಕಾರ.

ಹತ್ತು ಸಲ ಬರೆದು ಹರಿದಿದ್ದೇನೆ. ಯಾಕೆ ಎಂದು ಕೇಳಿದ್ದೀರಿ, ಹೇಳುತ್ತೇನೆ.

ಇಲ್ಲಿಯ ಶಾಲೆಯ ನನ್ನ ಕೆಲಸ ಏಪ್ರಿಲಿನಲ್ಲೇ ಹೋಯಿತು. ಹಂಗಾಮಿ ಕೆಲಸ, ಯಾವಾಗ ಬೇಕಾದರೂ ತೆಗೆಯುತ್ತಾರೆ. ನಿಮಗೆ ಬರೆಯಲು ನಾಚಿಕೆಯಾಯಿತು. ಹಂಗಾಮಿಯಲ್ಲೇ ಎಂಟು ವರ್ಷ ಕಳೆದೆ. ಕಾಯಂ ನೇಮಕಕ್ಕೆ ವಯಸ್ಸಿನ ಮಿತಿ ಇದೆ, ಬರುವ ಜೂನಿಗೆ ನಾನು ಅದನ್ನು ದಾಟುತ್ತೇನೆ. ನಿಮಗೆ ಮೂರು ವರ್ಷ ಉಳಿದಿತ್ತು, ನನಗೆ ಒಂದು ವರ್ಷವೂ ಇರಲಿಲ್ಲ. ಆಮೇಲೆ ನೀವು ಕುರ್ಚಿ ಬಿಟ್ಟುಕೊಟ್ಟರೂ ನನಗೆ ಸಿಗುತ್ತಿರಲಿಲ್ಲ.

ಜುಲೈ ಸಭೆಯ ದಿನ ಫಾದರ್ ನನ್ನನ್ನು ಬದಿಗೆ ಕರೆದು, ಅಕ್ಕೋರ ವಯಸ್ಸಿನ ಬಗ್ಗೆ ತಮಗೆ ಅನುಮಾನವಿದೆ, ನಿನಗೆ ಹೇಳಿಯಾರು ಎಂದರು. ನಾನು ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಿಮ್ಮ ಕಾಗದ ಬಂದ ದಿನ ಒಲೆಯ ಮುಂದೆ ಕೂತಿದ್ದೆ, ಹಾಕಲು ಕೈ ಬರಲಿಲ್ಲ. ಮನೆಯವರು, "ನೀ ಏನ ಸುಳ್ಳ ಹೇಳಾಕತ್ತೀ? ಇದ್ದದ್ದು ಇದ್ದಾಂಗ ತೋರಸ್ತೀ, ಅಷ್ಟ" ಎಂದರು. ನಾನು ಸುಳ್ಳು ಬರೆದಿಲ್ಲ ಅಕ್ಕೋರೇ. ಖರೆಯನ್ನೇ ಬರೆಯಬೇಕು ಎಂದು ನೀವೇ ಕಲಿಸಿದ್ದೀರಿ. ಯಾವತ್ತೋ ಒಂದು ದಿನ ಇದು ಹೊರಗೆ ಬರುವುದೇ ಇತ್ತು, ಆಗ ಹೆಸರು ಕೆಡುತ್ತಿತ್ತು. ಈಗ ಶಾಲು ಹೊದ್ದು ಹೋಗುತ್ತಿದ್ದೀರಿ.

ನವೆಂಬರ್ ಒಂದಕ್ಕೆ ನಾನು ಹಾಜರಾಗಬೇಕು. ಆ ಐವರು ಹುಡುಗಿಯರನ್ನು ನನ್ನ ಮಕ್ಕಳ ಹಾಗೆ ನೋಡಿಕೊಳ್ಳುತ್ತೇನೆ. ಆಶೀರ್ವಾದ ಮಾಡಿರಿ.

ನಿಮ್ಮ
ಗಂಗಾ


ತಂಬೂರ
ಡಿಸೆಂಬರ್ 12, 1974

ಪೂಜ್ಯ ಅಕ್ಕೋರಿಗೆ,

ನಿಮ್ಮ ಅಣ್ಣನ ಮಗಳು ನಸೀಮಾಬಿಯ ವಿಳಾಸ ಹುಡುಕಿ ಅಣ್ಣಿಗೇರಿಗೆ ಇದನ್ನು ಹಾಕುತ್ತಿದ್ದೇನೆ. ಹಿಂದಿನ ಕಾಗದಕ್ಕೆ ನೀವು ಉತ್ತರ ಕೊಡಲಿಲ್ಲ. ನಾನು ಹಾಜರಾದ ದಿನ ಚಾವಿ ಗೊಂಚಲು ಮೇಜಿನ ಮೇಲಿತ್ತು, ನೀವು ಹಿಂದಿನ ದಿನವೇ ಊರು ಬಿಟ್ಟಿದ್ದಿರಿ.

ಆ ಐದು ಹುಡುಗಿಯರು ಶಾಲೆಗೆ ಬರುತ್ತಿಲ್ಲ. ನವೆಂಬರಿನಲ್ಲಿ ಒಬ್ಬೊಬ್ಬರಾಗಿ ಬಿಟ್ಟರು. ಬಾಬಾಸಾಬನ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಅವನು ಬಾಗಿಲಲ್ಲೇ ನಿಂತು, "ಬಾಯಾರ, ನೀರು ಕೇಳ್ರಿ ಕೊಡತೀನಿ, ಊಟಾ ಕೇಳ್ರಿ ನೀಡತೀನಿ. ಮಗಳನ್ನ ಕೇಳಬ್ಯಾಡ್ರಿ. ಅಕ್ಕೋರಿಗೆ ಹಿಂಗ ಮಾಡಿದಾಕಿ ನಮಗ ಏನ ಮಾಡಾಕಿಲ್ಲ?" ಎಂದ. ಹಿಂದೆ ರಜಿಯಾ ನಿಂತಿದ್ದಳು, ಕೈಯಲ್ಲಿ ಕಸಬರಿಗೆ ಇತ್ತು. ನಾನು ತಿರುಗಿ ಬಂದೆ. ಮಡಿವಾಳೆಪ್ಪನವರು ಎದುರು ಬಂದರೆ ದಾರಿ ಬದಲಿಸುತ್ತಾರೆ.

ನಿಮ್ಮ ಒಂದು ಮಾತು ಸಾಕು, ಅವರು ಕಳಿಸುತ್ತಾರೆ. ನನಗಾಗಿ ಬೇಡ, ಆ ಮಕ್ಕಳಿಗಾಗಿ ಬರೆಯಿರಿ.

ಇನ್ನೊಂದು ಬೇಡಿಕೆ. ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ನನ್ನನ್ನು ಶಾಲೆಗೆ ಸೇರಿಸುವಾಗ ನೀವು ಬರೆದ ವಯಸ್ಸು ನಿಮಗೆ ನೆನಪಿರಬಹುದು. ನನ್ನ ನೇಮಕದ ಕಾಗದಪತ್ರ ಇಲಾಖೆಯಲ್ಲಿ ಪಾಸಾಗುವುದು ಇನ್ನೂ ಬಾಕಿ ಇದೆ. ದಯವಿಟ್ಟು ಆ ವಿಷಯ ಯಾರ ಮುಂದೆಯೂ ಬಾಯಿ ಬಿಡಬೇಡಿ. ಈ ಕಾಗದವನ್ನು ಹರಿದು ಹಾಕಿರಿ.

ಕ್ಷಮಿಸಿರಿ. ಕ್ಷಮಿಸಿದ್ದೇನೆ ಎಂದು ಒಂದು ಸಾಲು ಬರೆಯಿರಿ.

ಗಂಗಾ


ಅಣ್ಣಿಗೇರಿ
ಜನವರಿ 3, 1975

ಸಂತ ಮಾರ್ಥಾ ಶಾಲೆಯ ಮುಖ್ಯೋಪಾಧ್ಯಾಯಿನಿ ಶಿವಗಂಗವ್ವನವರಿಗೆ ಅಮೀರಬಿಯ ನಮಸ್ಕಾರ.

ನೀವು ಈಗ ಆ ಕುರ್ಚಿಯಲ್ಲಿದ್ದೀರಿ, ಬಹುವಚನ ಕೊಡಬೇಕು. ಕೊಟ್ಟಿದ್ದೇನೆ.

ನಿಮ್ಮ ಕೊನೆಯ ಬೇಡಿಕೆಗೆ ಮೊದಲು ಉತ್ತರ. 1952ರ ಜೂನಿನಲ್ಲಿ ನಿಮ್ಮ ತಾಯಿ ನಿಮ್ಮನ್ನು ಕರೆತಂದಾಗ ನಿಮಗೆ ಒಂಬತ್ತು ತುಂಬಿತ್ತು. "ದೊಡ್ಡಾಕಿ ಆಗ್ಯಾಳ್ರಿ ಅಕ್ಕೋರ, ಒಂದನೇ ಇಯತ್ತೆದಾಗ ಕುಂದ್ರಿಸಿದರ ಹುಡುಗರು ನಗತಾರ, ಬಿಡ್ರಿ, ಲಗ್ನಾ ಮಾಡಿ ಕೊಡತೀವಿ" ಎಂದು ಅವರು ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದ್ದರು. ನೀವು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡಲಿಲ್ಲ. ನಾನು ರಿಜಿಸ್ಟರಿನಲ್ಲಿ ಏಳು ಎಂದು ಬರೆದು, "ನೋಡ್ರಿ, ಕಾಗದದ ಮ್ಯಾಲೆ ಸಣ್ಣಾಕಿ ಆದಳು, ಇನ್ನ ಯಾರೂ ನಗಂಗಿಲ್ಲ" ಎಂದೆ. ಆ ಎರಡು ವರ್ಷದ ಸುಳ್ಳಿನಿಂದಲೇ ಈಗಿನ ಮಿತಿಯೊಳಗೆ ನೀವು ನಿಂತಿದ್ದೀರಿ. ಅದು ನನಗೆ ನೆನಪಿದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮ ಕಾಗದವನ್ನು ನಸೀಮಾಬಿಯ ಒಲೆಗೆ ಹಾಕಿ, ಪೂರ್ತಿ ಉರಿಯುವವರೆಗೆ ಅಲ್ಲೇ ಕೂತು ನೋಡಿದೆ. ಹೆದರಬೇಡಿ.

ಕ್ಷಮಿಸಿದ್ದೇನೆ ಎಂಬ ಸಾಲು ಕೇಳಿದ್ದೀರಿ. ಎರಡು ವಾರ ಪ್ರಯತ್ನ ಮಾಡಿದೆ, ಅದಕ್ಕೇ ಈ ಕಾಗದ ತಡವಾಯಿತು. ಬರೆಯಲು ಆಗುತ್ತಿಲ್ಲ. ಕೆಲಸಕ್ಕೆ ಆಸೆ ಪಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಒಂದು ವರ್ಷವೂ ಉಳಿದಿಲ್ಲ ಎಂದು ಜುಲೈನಲ್ಲೇ ಬಂದು ಹೇಳಿದ್ದರೆ ನಾನೇ ಫಾದರ್ ಮುಂದೆ ಹೋಗಿ ಖರೆ ವಯಸ್ಸು ಹೇಳಿ, ನಿಮ್ಮ ಕೈ ಹಿಡಿದು ಆ ಐದು ಮನೆಗಳಿಗೂ ಕರೆದೊಯ್ದು, ಇನ್ನು ಇವಳೇ ನಾನು ಎಂದು ಒಪ್ಪಿಸಿ ಹೋಗುತ್ತಿದ್ದೆ. ಆ ದಾರಿ ನಿಮಗೆ ಹೊಳೆಯಲೇ ಇಲ್ಲ. ಅವ್ವ ಎಂದು ಬರೆಯುವುದು ಹೊಳೆಯಿತು. ಕುರ್ಚಿ ಹೋದದ್ದನ್ನು ಮರೆಯುತ್ತೇನೆ, ಆ ಶಬ್ದವನ್ನು ಮರೆಯಲಾರೆ.

ಇನ್ನು ಮಕ್ಕಳ ವಿಷಯ. ಸಾಲಿ ಬಿಡಿಸಿದ್ದು ಬಾಬಾಸಾಬನ ತಪ್ಪಲ್ಲ. ಅವನು ಲೋಕ ಕಂಡವನು. ಆದರೆ ರಜಿಯಾಬೇಗಂ ಕಸ ಗುಡಿಸುತ್ತ ಕೂತರೆ ನಾನು ಇಪ್ಪತ್ತೈದು ವರ್ಷ ಅಲ್ಲಿ ಮಾಡಿದ್ದು ಏನು? ನಿನ್ನೆ ಅವನಿಗೂ ಉಳಿದ ನಾಲ್ಕು ಮನೆಗಳಿಗೂ ಕಾಗದ ಹಾಕಿದ್ದೇನೆ. ಐದರಲ್ಲೂ ಒಂದೇ ಮಾತು: ನನ್ನನ್ನು ಯಾರೂ ತೆಗೆಯಲಿಲ್ಲ, ವಯಸ್ಸಾಯಿತು, ನಾನೇ ಬಿಟ್ಟೆ, ಶಿವಗಂಗವ್ವ ನನ್ನ ಕೈಯಲ್ಲಿ ಬೆಳೆದವಳು, ನಂಬಿಗಸ್ತ ಹೆಣ್ಣುಮಗಳು, ಕಣ್ಣು ಮುಚ್ಚಿ ಮಕ್ಕಳನ್ನು ಕಳಿಸಿರಿ.

ನಿಮ್ಮ ವಯಸ್ಸನ್ನು ಅಂದು ಒಂದೇ ಏಟಿಗೆ ಬರೆದಿದ್ದೆ. ನಂಬಿಗಸ್ತ ಎಂದು ಐದು ಸಲ ಬರೆಯುವಾಗ ಐದು ಸಲವೂ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಅದು ಸುಳ್ಳಾಗದ ಹಾಗೆ ನೋಡಿಕೊಳ್ಳುವುದು ಇನ್ನು ನಿಮ್ಮ ಕೆಲಸ. ಸೋಮವಾರ ಬೆಳಗ್ಗೆ ಹುಡುಗಿಯರು ಬರುತ್ತಾರೆ, ಬೇಗ ಹೋಗಿ ಬಾಗಿಲು ತೆರೆದು ನಿಲ್ಲಿರಿ.

ನನಗೆ ಕಾಗದ ಹಾಕಬೇಡಿ.

ಅಮೀರಬಿ